ನೆಲವನ್ನು ಬಡಿದು ಕೇಳುವ ವಿದ್ಯೆ

1967ನೆಯ ಇಸವಿ ಡಿಸೆಂಬರ್ 11ರ ನಸುಕು. ಮಾಟುಂಗದ ನಮ್ಮ ಎರಡು ಕೋಣೆಯ ಮನೆಯಲ್ಲಿ ಐದು ಮಂದಿ ಸಾಲಾಗಿ ಚಾಪೆಯ ಮೇಲೆ ಮಲಗಿದ್ದೆವು. ನಾಲ್ಕೂಕಾಲು ದಾಟಿದ ಹೊತ್ತಿಗೆ ಅಡುಗೆಮನೆಯ ಹಲಗೆಯ ಮೇಲಿದ್ದ ಹಿತ್ತಾಳೆಯ ಪಾತ್ರೆಗಳೆಲ್ಲ ಕಿಣಿಕಿಣಿ ಎಂದವು. “ಬೆಕ್ಕು ಬಂತಾ ನೋಡಾ” ಎಂದು ಅಮ್ಮ ನಿದ್ದೆಗಣ್ಣಿನಲ್ಲೇ ನನಗೆ ಹೇಳಿದಳು. ಎದ್ದು ನೋಡಿದೆ. ಬೆಕ್ಕಿರಲಿಲ್ಲ, ಪಾತ್ರೆಗಳು ಮಾತ್ರ ಅಲುಗುತ್ತಲೇ ಇದ್ದವು. ಅಪ್ಪ ಎದ್ದು ಕುಳಿತು, “ಬೆಕ್ಕಲ್ಲ ಮಾರಾಯ್ತಿ, ಭೂಮಿ” ಎಂದರು.

ಕೊಯ್ನಾದಲ್ಲಿ ಭೂಕಂಪವಾಗಿದೆಯೆಂದು ಆಮೇಲೆ ತಿಳಿಯಿತು. ಅಲ್ಲಿ ಊರಿಗೆ ಊರೇ ನೆಲಕ್ಕೊರಗಿ ಸಾವಿರಾರು ಜನ ಮನೆಮಠ ಕಳೆದುಕೊಂಡಿದ್ದರು. ಸುಮಾರು ಇನ್ನೂರು ಮಂದಿಯ ಜೀವವೇ ಹೋಗಿತ್ತು. ಕೊಯ್ನಾದಿಂದ ಮುಂಬಯಿಗೆ ನೆಟ್ಟಗೆ ಅಳೆದರೆ ಸುಮಾರು 200 ಕಿಲೋಮೀಟರ್ ದೂರ. ಅಷ್ಟು ದೂರವನ್ನು ಬಂಡೆಗಳೊಳಗಿನಿಂದ ಒಂದು ನಿಮಿಷದ ಆಸುಪಾಸಿನಲ್ಲಿ ಕ್ರಮಿಸಿ ಬಂದ ಅಲೆ ನಮ್ಮ ಅಮ್ಮನ ಪಾತ್ರೆಗಳನ್ನು ಮುಟ್ಟಿ ಹೋಗಿತ್ತು.

ಈ ಪ್ರಸಂಗ ಮೊನ್ನೆ ಮತ್ತೆ ನೆನಪಾಗಲು ಕಾರಣ ನನ್ನ ಮೊಮ್ಮಗ. ಶಾಲೆಯಲ್ಲಿ ಮುಂಬೈ ಹೈ ತೈಲಕ್ಷೇತ್ರದ ಪಾಠವಾಗಿತ್ತಂತೆ. ಬಂದವನೇ, “ಅಜ್ಜ, ಸಮುದ್ರದ ಅಡಿಯಲ್ಲಿ ಎಣ್ಣೆ ಇದೆ ಅಂತ ಯಾರು ಮುಳುಗಿ ನೋಡಿದ್ದು?” ಎಂದು ಕೇಳಿದ. ಯಾರೂ ಮುಳುಗಲಿಲ್ಲ, ಯಾರೂ ನೋಡಲಿಲ್ಲ, ಕೇಳಿದರು ಎಂದೆ. ಅವನು ನಕ್ಕುಬಿಟ್ಟ. ಅವನಿಗೆ ಹೇಳಿದ್ದನ್ನೇ ತುಸು ವಿಸ್ತರಿಸಿ ವಾಚಕರ ಮುಂದಿಡುತ್ತಿದ್ದೇನೆ.

ಹಲಸಿನಹಣ್ಣು ಮತ್ತು ಮಡಕೆ

ಹಲಸಿನಕಾಯಿ ಹಣ್ಣಾಗಿದೆಯೇ ಎಂದು ತಿಳಿಯಲು ನಮ್ಮ ಕಡೆ ಅದನ್ನು ಕೊಯ್ದು ನೋಡುವುದಿಲ್ಲ. ಬೆರಳಿನಿಂದ ಬಡಿದು ಕೇಳುತ್ತಾರೆ. ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸರೂ ಹಾಗೆಯೇ. ಕಣ್ಣಿಗೆ ಕಾಣದ ಒಡಕು ಕಿವಿಗೆ ಸಿಕ್ಕಿಬೀಳುತ್ತದೆ. ನೆಲದೊಳಗನ್ನು ತಿಳಿಯುವ ವಿದ್ಯೆಯ ತಳಹದಿ ಇಷ್ಟೇ: ಬಡಿಯುವುದು, ಕೇಳುವುದು.

ಮೊದಲು ಬಡಿಯುವ ಕೆಲಸವನ್ನು ಭೂಕಂಪಗಳೇ ಮಾಡಿದವು. 1909ರಲ್ಲಿ ಜಾಗ್ರೆಬ್ ನಗರದ ಹತ್ತಿರ ಆದ ಭೂಕಂಪದ ದಾಖಲೆಗಳನ್ನು ಮುಂದಿಟ್ಟುಕೊಂಡು ಮೊಹೊರೊವಿಚಿಚ್ ಎಂಬ ವಿಜ್ಞಾನಿ ಲೆಕ್ಕ ಹಾಕಿದ. ದೂರದ ಠಾಣೆಗಳಿಗೆ ಒಂದೇ ಕಂಪನದ ಎರಡೆರಡು ಅಲೆಗಳು ಬಂದು ತಲುಪಿದ್ದವು. ಆಳದ ದಾರಿ ಹಿಡಿದ ಅಲೆ, ಸುತ್ತುದಾರಿಯಾದರೂ, ಮೊದಲೇ ಬಂದಿತ್ತು. ಹಾಗಾದರೆ ಕೆಲವು ಹತ್ತು ಕಿಲೋಮೀಟರುಗಳ ಆಳದಲ್ಲಿ ಬಂಡೆಯ ಜಾತಿಯೇ ಬದಲಾಗುತ್ತದೆ, ಅಲ್ಲಿ ಅಲೆಯ ವೇಗ ಹೆಚ್ಚುತ್ತದೆ ಎಂದು ಅವನು ತರ್ಕಿಸಿದ. ಭೂಮಿಯ ಹೊರಪದರಕ್ಕೂ ಅದರ ಕೆಳಗಿನ ಭಾಗಕ್ಕೂ ನಡುವಣ ಆ ಗಡಿಯನ್ನು ಇಂದಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ. ಚಿಕ್ಕದಾಗಿ ‘ಮೊಹೊ’ ಎನ್ನುವುದುಂಟು.

ಆದರೆ ಭೂಕಂಪವು ನಮಗೆ ಬೇಕೆಂದಾಗ, ಬೇಕೆಂದಲ್ಲಿ ಆಗುವುದಿಲ್ಲವಷ್ಟೆ. 1921ರಲ್ಲಿ ಅಮೆರಿಕದ ಓಕ್ಲಹೋಮಾದಲ್ಲಿ ಕಾರ್ಚರ್ ಮತ್ತು ಅವನ ಸಂಗಡಿಗರು ನೆಲದಲ್ಲಿ ಸಿಡಿಮದ್ದು ಸಿಡಿಸಿ, ಕೆಳಗಿನ ಬಂಡೆಯ ಪದರದಿಂದ ಹಿಂದಿರುಗಿದ ಪ್ರತಿಧ್ವನಿಯನ್ನು ಹಿಡಿದರು. ಇಂದು ನೆಲದ ಮೇಲೆ ಸಿಡಿಮದ್ದು ಅಥವಾ ನೆಲವನ್ನು ನಡುಗಿಸುವ ಭಾರಿ ಲಾರಿಗಳು, ಕಡಲಲ್ಲಿ ಹಡಗಿನ ಹಿಂದೆ ಎಳೆಯುವ ಗಾಳಿಕೋವಿಗಳು ಬಡಿಯುವ ಕೆಲಸ ಮಾಡುತ್ತವೆ. ಕೇಳುವುದಕ್ಕೆ ನೆಲದಲ್ಲಿ ಜಿಯೋಫೋನುಗಳು, ನೀರಿನಲ್ಲಿ ಹೈಡ್ರೋಫೋನುಗಳು.

ಫಾಸ್ಟ್ ಲೋಕಲ್ಲಿನ ಮೋಸ

ಪ್ರತಿಧ್ವನಿ ಕೇಳಿಸಿತು, ಸರಿ. ಅದು ಎಷ್ಟು ಆಳದಿಂದ ಬಂತು? ಇಲ್ಲೇ ಗಂಟು ಇರುವುದು.

ಬಡಿದ ಎರಡು ಸೆಕೆಂಡಿಗೆ ಸದ್ದು ಹಿಂದಿರುಗಿತು ಎನ್ನಿ. ಹೋಗುವುದಕ್ಕೆ ಒಂದು, ಬರುವುದಕ್ಕೆ ಒಂದು. ಅಲೆಯ ವೇಗ ಸೆಕೆಂಡಿಗೆ 2,000 ಮೀಟರ್ ಆಗಿದ್ದರೆ ಆಳ 2,000 ಮೀಟರ್. ವೇಗ 3,000 ಆಗಿದ್ದರೆ ಆಳವೂ 3,000. ಗಡಿಯಾರ ಹೇಳುವುದು ಹೊತ್ತನ್ನು ಮಾತ್ರ, ದೂರವನ್ನಲ್ಲ. ನೀರಿನಲ್ಲಿ ಸದ್ದಿನ ವೇಗ ಸುಮಾರು 1,500 ಮೀಟರ್. ನಮ್ಮ ಪಶ್ಚಿಮಘಟ್ಟದ ಕಪ್ಪು ಬಸಾಲ್ಟ್ ಬಂಡೆಯಲ್ಲಿ 5,000 ಮೀಟರಿಗೂ ಮಿಗಿಲಾಗಬಹುದು.

ಮುಂಬಯಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಲ್ಯಾಣದವನು ಫಾಸ್ಟ್ ಲೋಕಲ್ ಹಿಡಿದು ಬೇಗ ಬಂದರೆ ಅವನ ಮನೆ ಹತ್ತಿರವೆಂದು ಅರ್ಥವಲ್ಲ. ಹಾಗೆಯೇ ವೇಗದ ಬಂಡೆಯ ತುಂಡೊಂದು ಮೇಲೆ ಕುಳಿತಿದ್ದರೆ, ಅದರ ಕೆಳಗಿನ ಪದರದ ಪ್ರತಿಧ್ವನಿ ಬೇಗ ಬಂದುಬಿಡುತ್ತದೆ. ಚಿತ್ರದಲ್ಲಿ ಸಪಾಟಾದ ಪದರವೂ ಗುಮ್ಮಟದಂತೆ ಉಬ್ಬಿ ಕಾಣುತ್ತದೆ. ಎಣ್ಣೆ ಸಾಮಾನ್ಯವಾಗಿ ಸಂಗ್ರಹವಾಗುವುದು ಇಂಥ ಗುಮ್ಮಟಗಳಲ್ಲೇ ಆದುದರಿಂದ, ಆ ಸುಳ್ಳು ಗುಮ್ಮಟವನ್ನು ನಂಬಿ ಕೋಟಿಗಟ್ಟಲೆ ರೂಪಾಯಿ ಸುರಿದು ಬಾವಿ ಕೊರೆದವರಿಗೆ ದೊರೆಯುವುದು ಬರಿಯ ಒಣಗುಳಿ.

ಗಂಟನ್ನು ಬಿಡಿಸುವ ಉಪಾಯ ನಾವು ಶಾಲೆಯಲ್ಲಿ ಕಲಿತ ಪೈಥಾಗೊರಸನ ಪ್ರಮೇಯದಲ್ಲೇ ಇದೆ. ಬಡಿದ ಜಾಗದಲ್ಲಿ ಒಂದೇ ಕಿವಿಯನ್ನಿಡದೆ, ಅಲ್ಲಿಂದ ಮೂರು ಕಿಲೋಮೀಟರ್ ಆಚೆಯೂ ಒಂದನ್ನಿಡಿ. ಅಲ್ಲಿಗೆ ಬರುವ ಪ್ರತಿಧ್ವನಿ ಓರೆಯಾಗಿ ಹೆಚ್ಚು ದೂರ ನಡೆಯಬೇಕು, ಆದ್ದರಿಂದ ತಡವಾಗುತ್ತದೆ. ವೇಗ 2,000 ಇದ್ದರೆ ಅದು 2.5 ಸೆಕೆಂಡಿಗೆ ತಲುಪುತ್ತದೆ. 3,000 ಇದ್ದರೆ ಸುಮಾರು 2.24 ಸೆಕೆಂಡಿಗೆ. ಈ ಕಾಲು ಸೆಕೆಂಡಿನ ವ್ಯತ್ಯಾಸವೇ ನೆಲದೊಳಗಿನ ವೇಗವನ್ನು ಹೇಳಿಕೊಡುತ್ತದೆ. ಒಂದೇ ಬಿಂದುವಿನ ಪ್ರತಿಧ್ವನಿಯನ್ನು ಬೇರೆ ಬೇರೆ ದೂರಗಳಿಂದ ಕೇಳಿ ಕೂಡಿಸುವ ಕ್ರಮವನ್ನು 1950ರ ಸುಮಾರಿಗೆ ಹ್ಯಾರಿ ಮೇನ್ ಎಂಬವನು ಬಳಕೆಗೆ ತಂದ. ಕೂಡಿಸಿದಾಗ ನಿಜವಾದ ಸದ್ದು ಬಲಿಯುತ್ತದೆ. ಅಡ್ಡಾದಿಡ್ಡಿ ಗದ್ದಲ ತಂತಾನೇ ಅಡಗುತ್ತದೆ.

ಸ್ವಸ್ಥಳಕ್ಕೆ ಸೇರಿಸುವುದು

ಇಷ್ಟಾದರೂ ಚಿತ್ರ ಸರಿಯಾಗುವುದಿಲ್ಲ. ಪದರ ಸಪಾಟಾಗಿದ್ದರೆ ಪ್ರತಿಧ್ವನಿ ನೇರ ಕೆಳಗಿನಿಂದ ಬರುತ್ತದೆ. ಇಳಿಜಾರಾಗಿದ್ದರೆ ಪಕ್ಕದಿಂದ ಬರುತ್ತದೆ. ಕಿವಿಗೆ ಬರುವುದು ಸದ್ದು ಮಾತ್ರ, ದಿಕ್ಕಲ್ಲ. ನಾವು ಅದನ್ನು ಕಿವಿಯ ನೇರ ಕೆಳಗೆ ಬರೆದುಬಿಟ್ಟರೆ ಪದರ ತನ್ನ ಜಾಗ ಬಿಟ್ಟು ಬೇರೆಡೆ ಕಾಣಿಸುತ್ತದೆ. ಇದನ್ನು ಸರಿಪಡಿಸುವ ಕ್ರಮಕ್ಕೆ ‘ಮೈಗ್ರೇಷನ್’ ಎಂದು ಹೆಸರು, ಅಂದರೆ ವಲಸೆ. ಊರು ಬಿಟ್ಟು ಬಂದ ನಮಗೆ ಈ ಮಾತು ಹೊಸದೇನಲ್ಲ. ಆದರೆ ಇಲ್ಲಿ ಅರ್ಥ ತಿರುಗುಮುರುಗು: ಪರಸ್ಥಳದಲ್ಲಿ ಕಾಣಿಸಿಕೊಂಡದ್ದನ್ನು ಸ್ವಸ್ಥಳಕ್ಕೆ ಸೇರಿಸುವುದು.

ಹಿಂದೆ ಇದನ್ನು ಕೈಯಲ್ಲೇ ಮಾಡುತ್ತಿದ್ದರು. ಪ್ರತಿಯೊಂದು ಕಿವಿಯ ಸುತ್ತಲೂ ಕೈವಾರದಿಂದ ಕಮಾನು ಎಳೆಯುವುದು. ಪ್ರತಿಧ್ವನಿ ಆ ಕಮಾನಿನ ಮೇಲೆ ಎಲ್ಲಿಂದಲಾದರೂ ಬಂದಿರಬಹುದು. ನೂರಾರು ಕಮಾನುಗಳು ಯಾವ ಗೆರೆಯನ್ನು ಒಟ್ಟಾಗಿ ಸವರಿ ಹೋಗುತ್ತವೆಯೋ ಅದೇ ಪದರ. 1970ರ ಸುಮಾರಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಕ್ಲೇರ್‌ಬೌಟ್ ಕೈವಾರವನ್ನು ಬದಿಗಿಟ್ಟು, ಅಲೆಯ ಸಮೀಕರಣವನ್ನೇ ಗಣಕಯಂತ್ರಕ್ಕೆ ಒಪ್ಪಿಸಿದರು.

ದೇವಸ್ಥಾನದ ಕೆರೆಗೆ ಕಲ್ಲೆಸೆದರೆ ಅಲೆಗಳು ಉಂಗುರ ಉಂಗುರವಾಗಿ ದಡಕ್ಕೆ ಬರುತ್ತವೆ. ದಡದ ಸುತ್ತಲೂ ನಿಂತವರು ಅಲೆ ಬಂದ ಹೊತ್ತನ್ನು, ಅದರ ಎತ್ತರವನ್ನು ಬರೆದುಕೊಂಡರೆನ್ನಿ. ಆ ಲೆಕ್ಕವನ್ನು ಹಿಂದುಮುಂದಾಗಿ ನಡೆಸಿದರೆ ಉಂಗುರಗಳು ದಡದಿಂದ ಒಳಕ್ಕೆ ಸರಿದು ಕಲ್ಲು ಬಿದ್ದ ಜಾಗದಲ್ಲೇ ಕೂಡುತ್ತವೆ. ಕೆರೆಯಲ್ಲಿ ಕಾಲವನ್ನು ಹಿಂದಕ್ಕೆ ಓಡಿಸಲಾಗದು, ಗಣಕದಲ್ಲಿ ಓಡಿಸಬಹುದು. 1983ರಲ್ಲಿ ಪ್ರಕಟವಾದ ‘ಹಿಮ್ಮುಖ ಕಾಲ’ದ ವಿಧಾನ ಮಾಡುವುದು ಇದನ್ನೇ.

ಆದರೆ ಲೆಕ್ಕದ ಹೊರೆಯೆಂಥದು! ಹತ್ತು ಕಿಲೋಮೀಟರ್ ಉದ್ದ, ಹತ್ತು ಅಗಲ, ಐದು ಆಳದ ನೆಲವನ್ನು ಹತ್ತು ಹತ್ತು ಮೀಟರಿನ ಮನೆಗಳಾಗಿ ಕತ್ತರಿಸಿದರೆ 50 ಕೋಟಿ ಮನೆಗಳಾಗುತ್ತವೆ. ನಾಲ್ಕು ಸೆಕೆಂಡಿನ ಸದ್ದನ್ನು ಸಾವಿರದಲ್ಲೊಂದು ಸೆಕೆಂಡಿನ ಹೆಜ್ಜೆಯಲ್ಲಿ ನಡೆಸಿದರೆ 4,000 ಹೆಜ್ಜೆ. ಒಂದೇ ಬಡಿತಕ್ಕೆ ಎರಡು ಲಕ್ಷ ಕೋಟಿ ಬಾರಿ ಲೆಕ್ಕ, ಬಡಿತಗಳೋ ಸಾವಿರಾರು. ಆದುದರಿಂದಲೇ ಈ ವಿದ್ಯೆಯೂ ದೊಡ್ಡ ಗಣಕಗಳೂ ಒಟ್ಟಿಗೆ ಬೆಳೆದವು. 1991ರಲ್ಲಿ ಪುಣೆಯ ಸಿ-ಡ್ಯಾಕ್ ಸಂಸ್ಥೆ ಪರಮ್ 8000 ಯಂತ್ರವನ್ನು ಕಟ್ಟಿತು. ಮುಂದೆ ಪರಮ್ ಸಾಲಿನ ಗಣಕಗಳ ಮೇಲೆ ಈ ಬಗೆಯ ಲೆಕ್ಕಗಳನ್ನೂ ನಡೆಸಿದರು.

ಒಂದು ಪೆಟ್ಟು ತಪ್ಪಿದರೆ

ಹಿಮ್ಮುಖವಾಗಿ ಓಡಿಸುವುದಕ್ಕೂ ನೆಲದೊಳಗಿನ ವೇಗ ಮೊದಲೇ ಗೊತ್ತಿರಬೇಕು. ಗೊತ್ತಿಲ್ಲದೆ ಇದ್ದಲ್ಲಿ? 1984ರಲ್ಲಿ ಆಲ್ಬರ್ಟ್ ತಾರಾಂತೋಲಾ ಒಂದು ದಾರಿಯನ್ನು ವಿವರಿಸಿದರು. ನೆಲ ಹೀಗಿದೆಯೆಂದು ಮೊದಲು ಊಹಿಸುವುದು. ಆ ಊಹೆಯ ನೆಲವನ್ನು ಗಣಕದಲ್ಲಿ ಬಡಿದು ಅದರ ಸದ್ದನ್ನು ಲೆಕ್ಕ ಹಾಕುವುದು. ನಿಜವಾಗಿ ಕೇಳಿದ ಸದ್ದಿನೊಡನೆ ಹೋಲಿಸಿ, ವ್ಯತ್ಯಾಸವಿದ್ದಲ್ಲಿ ಊಹೆಯನ್ನು ತುಸು ತಿದ್ದುವುದು. ಮತ್ತೆ ಬಡಿಯುವುದು, ಮತ್ತೆ ತಿದ್ದುವುದು. ತಂಬೂರಿಯ ಬಿರಡೆಯನ್ನು ಇಷ್ಟಿಷ್ಟೇ ತಿರುವಿ ಶ್ರುತಿ ಕೂಡಿಸಿದಂತೆ.

ಇದರಲ್ಲೂ ಒಂದು ಮೋಸವಿದೆ. ಕಚೇರಿ ಕೇಳಿದವರಿಗೆ ಅದು ಬೇಗ ಅರ್ಥವಾದೀತು. ಮೃದಂಗದವನು ಅರ್ಧ ಪೆಟ್ಟು ತಪ್ಪಿದರೆ ಎಲ್ಲರಿಗೂ ತಿಳಿಯುತ್ತದೆ. ಸರಿಯಾಗಿ ಒಂದು ಪೆಟ್ಟು ತಡವಾಗಿ ಸೇರಿಕೊಂಡರೆ? ಪೆಟ್ಟಿಗೆ ಪೆಟ್ಟು ಕೂಡುತ್ತಲೇ ಇರುತ್ತದೆ. ಸಮ ಮಾತ್ರ ತಪ್ಪಿರುತ್ತದೆ. ಗಣಕವೂ ಹೀಗೆಯೇ. ಮೊದಲ ಊಹೆ ತೀರ ದೂರವಾಗಿದ್ದರೆ, ಒಂದು ಅಲೆಯನ್ನು ಅದರ ಪಕ್ಕದ ಅಲೆಯೊಡನೆ ಕೂಡಿಸಿಕೊಂಡು ‘ಸರಿಹೋಯಿತು’ ಎಂದು ಸುಮ್ಮನಾಗುತ್ತದೆ. ಚಿತ್ರ ಸ್ಫುಟವಾಗಿಯೇ ಬರುತ್ತದೆ, ಆದರೆ ಸುಳ್ಳಾಗಿರುತ್ತದೆ. ಈ ವಿದ್ಯೆಯಲ್ಲಿ ನಿಜಕ್ಕೂ ಹೆದರಬೇಕಾದದ್ದು ಮಸುಕು ಚಿತ್ರಕ್ಕಲ್ಲ, ಸ್ಫುಟವಾದ ಸುಳ್ಳು ಚಿತ್ರಕ್ಕೆ. ಅದಕ್ಕಾಗಿಯೇ ಬಲ್ಲವರು ಮೊದಲು ನಿಧಾನವಾದ, ದಪ್ಪ ಅಲೆಗಳಿಂದ ಒರಟು ಚಿತ್ರ ಬರೆದು, ಆಮೇಲೆ ಸಣ್ಣ ಅಲೆಗಳಿಂದ ನಯಗೊಳಿಸುತ್ತಾರೆ.

ನಮ್ಮ ನೆಲದಲ್ಲಿ

ಮೊಮ್ಮಗನ ಪ್ರಶ್ನೆಗೆ ಬರೋಣ. 1960ರ ದಶಕದಲ್ಲಿ ಸೋವಿಯೆತ್ ಹಡಗು ‘ಅಕಾಡೆಮಿಕ್ ಅರ್ಖಾಂಗೆಲ್‌ಸ್ಕಿ’ಯ ಮೇಲೆ ಭಾರತೀಯರೂ ರಷ್ಯನರೂ ಖಂಭಾತ್ ಕೊಲ್ಲಿಯ ಸೀಮೆಯನ್ನು ಹೀಗೆ ಬಡಿದು ಕೇಳುತ್ತ ಹೋದಾಗ, ಮುಂಬಯಿಗೆ ಪಶ್ಚಿಮದ ಕಡಲತಳದಡಿ ದೊಡ್ಡ ಉಬ್ಬೊಂದು ಗೋಚರಿಸಿತು. 1972ರಲ್ಲಿ ವಿವರವಾದ ಸರ್ವೆ ನಡೆಯಿತು. ಸಾಗರ ಸಮ್ರಾಟ್ ಎಂಬ ತೇಲುವ ಕಟ್ಟೆಯಿಂದ 1974ರಲ್ಲಿ ಕೊರೆದಾಗ ಎಣ್ಣೆ ಬಂತು. 1976ರಲ್ಲಿ ಉತ್ಪಾದನೆ ಆರಂಭವಾಯಿತು. ಉಬ್ಬು ಸುಳ್ಳಾಗಿರಲಿಲ್ಲ.

ನಮ್ಮವರಿಗೆ ಇನ್ನೂ ಹತ್ತಿರದ ಕಥೆಯೊಂದುಂಟು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು 1972ರಲ್ಲಿ ಸೋವಿಯೆತ್ ಸಹಕಾರದಿಂದ ದೇಶದ ಮೊತ್ತಮೊದಲ ಆಳದ ಸರ್ವೆಯನ್ನು ಕೈಗೊಂಡರು. ಅವರು ಆರಿಸಿಕೊಂಡ ಗೆರೆ ಆಂಧ್ರದ ಕಡಲತಡಿಯ ಕಾವಲಿಯಿಂದ ನಮ್ಮ ಉಡುಪಿಯವರೆಗೆ, ಸುಮಾರು 600 ಕಿಲೋಮೀಟರ್. ಒಂದು ಕಡಲಿನಿಂದ ಇನ್ನೊಂದು ಕಡಲಿನವರೆಗೆ ನೆಲವನ್ನು ಬಡಿಯುತ್ತ ಬಂದು, ಕನ್ನಡ ನಾಡಿನ ಅಡಿಯಲ್ಲಿ ಆ ‘ಮೊಹೊ’ ಗಡಿ ಸರಿಸುಮಾರು 34ರಿಂದ 41 ಕಿಲೋಮೀಟರ್ ಆಳದಲ್ಲಿದೆಯೆಂದು ಕಂಡುಕೊಂಡರು. ಊರಿಗೆ ಹೋದಾಗ ನಾವು ಮೆಟ್ಟುವ ನೆಲದ ದಪ್ಪ ಅಷ್ಟು.

ಕೊಯ್ನಾದ ಮಾತು ಬೇರೆ. ಅಲ್ಲಿ ಮೇಲೆಲ್ಲ ಕಪ್ಪು ಬಸಾಲ್ಟ್. ಆರೂವರೆ ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿದ ಲಾವಾ. ಈ ಪದರಗಳ ನಡುವೆ ಸದ್ದು ಚೆಂಡಿನಂತೆ ಪುಟಿದು ಚೆದರುತ್ತದೆ. ಕೆಳಗಿನದು ಕೇಳುವುದೇ ಕಷ್ಟ. 1993ರ ಸೆಪ್ಟೆಂಬರ್ 30ರಂದು ಸುಮಾರು ಹತ್ತು ಸಾವಿರ ಜನರನ್ನು ಬಲಿತೆಗೆದುಕೊಂಡ ಲಾತೂರಿನ ಭೂಕಂಪವೂ ಇದೇ ಕಪ್ಪು ಹೊದಿಕೆಯಡಿಯ ನೆಲದ್ದು. ಕಡೆಗೆ ಕೊಯ್ನಾ ಸೀಮೆಯಲ್ಲಿ ಕೊರೆದೇ ನೋಡಬೇಕಾಯಿತು. 2017ರಲ್ಲಿ ಮುಗಿದ 3 ಕಿಲೋಮೀಟರ್ ಆಳದ ಪ್ರಾಯೋಗಿಕ ಕೊಳವೆಬಾವಿಯಲ್ಲಿ ಸುಮಾರು 1,250 ಮೀಟರಿಗೆ ಬಸಾಲ್ಟ್ ಮುಗಿದು ಪುರಾತನ ಕಗ್ಗಲ್ಲು ಸಿಕ್ಕಿತು. ಕಿವಿಯ ಸಾಕ್ಷ್ಯಕ್ಕೆ ಕೊನೆಯ ಒರೆಗಲ್ಲು ಕೊರೆತವೇ.

ಇದರಿಂದ ಭೂಕಂಪದ ದಿನವನ್ನು ಮುಂಚಿತವಾಗಿ ಹೇಳಬಹುದೇ ಎಂದು ಕೇಳಿದರೆ, ಇಲ್ಲ; ಹಾಗೆ ಹೇಳುವವರನ್ನು ನಂಬಬಾರದು. ಬಿರುಕು ಎಲ್ಲಿದೆ, ಕಂಪಿಸಿದರೆ ಯಾವ ನೆಲ ಹೆಚ್ಚು ಅಲುಗೀತು ಎಂದು ತಿಳಿಯಬಹುದು. ತಿಳಿದು ಮನೆಗಳನ್ನು ಗಟ್ಟಿಯಾಗಿ ಕಟ್ಟಬಹುದು. ಕೊಯ್ನಾದಲ್ಲೂ ಲಾತೂರಿನಲ್ಲೂ ಜನರನ್ನು ಕೊಂದದ್ದು ಬಹುಪಾಲು ಅವರ ತಲೆಯ ಮೇಲಿನ ಮನೆಗಳೇ ಅಲ್ಲವೇ?

ನಮ್ಮ ಸಂಘದ ಮನೆಗಳಲ್ಲಿ ಗಣಿತ ಓದುವ, ಗಣಕ ಕಲಿಯುವ ಮಕ್ಕಳಿಗೆ ಕೊರತೆಯಿಲ್ಲ. ಅವರಲ್ಲಿ ಒಬ್ಬಿಬ್ಬರಾದರೂ ಈ ಕಡೆ ಕಿವಿಗೊಟ್ಟರೆ ಚೆನ್ನ. ಮೊಮ್ಮಗ ಇದನ್ನೆಲ್ಲ ಕೇಳಿ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನೋಡುತ್ತೇನೆ, ಅಡುಗೆಮನೆಯಲ್ಲಿ ಅಮ್ಮನ ಕಾಲದ ಹಿತ್ತಾಳೆಯ ಕೊಡವನ್ನು ಬೆರಳಿನಿಂದ ಬಡಿಯುತ್ತ, ಕಿವಿಯಿಟ್ಟು ಕುಳಿತಿದ್ದ. “ಅಜ್ಜ, ಅರ್ಧದವರೆಗೆ ನೀರಿದೆ” ಎಂದ. ಇಣುಕಿ ನೋಡಿದೆ. ಹೌದು, ಅರ್ಧದವರೆಗೇ ಇತ್ತು.