ಮುಳಿಮಾಡಿನಿಂದ ತಾರಸಿ ತೋಟಕ್ಕೆ

ಪೇಟೆಯಲ್ಲಿ ನೆಲ ಸಾಲದೆ ಗಿಡಗಳು ತಾರಸಿ ಏರಿದವು. ಬಾಯಾರಿನಂಥ ಹಳ್ಳಿಯಲ್ಲಿ ಮನೆಯ ಸುತ್ತ ಅಡಿಕೆ ತೋಟವಿದೆ, ಹಿಂದೆ ಗುಡ್ಡವಿದೆ, ಅಂಗಳವೂ ವಿಶಾಲವಾಗಿದೆ. ಆದರೂ ಕಳೆದ ಕೆಲವು ದಶಕಗಳಲ್ಲಿ ಬೆಂಡೆ, ಬದನೆ, ಹರಿವೆ, ಮಲ್ಲಿಗೆ ಇಲ್ಲಿಯೂ ಮನೆಯ ನೆತ್ತಿಗೆ ಹೋಗಿವೆ. ಮನೆಯ ಮಾಡು ಬದಲಾದದ್ದು, ಗದ್ದೆ ಹೋದದ್ದು, ಮಾರುಕಟ್ಟೆಯ ತರಕಾರಿಯ ಮೇಲಿನ ನಂಬಿಕೆ ಸಡಿಲಾದದ್ದು, ಈ ಮೂರೂ ಸೇರಿದಲ್ಲಿ ಕಾಸರಗೋಡಿನ ತಾರಸಿ ತೋಟ ಹುಟ್ಟಿತು.

ಬಾಯಾರು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಪೈವಳಿಕೆ ಗ್ರಾಮ ಪಂಚಾಯತಿಗೆ ಸೇರಿದ ಗಡಿಗ್ರಾಮ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡದ ಭಾಗವಾಗಿದ್ದ ಈ ಸೀಮೆಯಲ್ಲಿ ತುಳು, ಕನ್ನಡ, ಮಲಯಾಳ, ಕೊಂಕಣಿ, ಮರಾಠಿ ಎಲ್ಲವೂ ಮನೆಮಾತುಗಳು. ನೆಲ ಮುರಕಲ್ಲಿನದು. ಗುಡ್ಡದ ನೆತ್ತಿಯಲ್ಲಿ ಮರಗಿಡ ಕಡಿಮೆಯಾದ ಬಯಲು ಪದವು, ಕೆಳಗೆ ಕಣಿವೆಯಲ್ಲಿ ತೋಟ ಮತ್ತು ಗದ್ದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವೆ ಸುರಿದು ಮುಗಿಯುತ್ತದೆ. ಉಳಿದ ತಿಂಗಳುಗಳ ನೀರಿಗಾಗಿ ಇಲ್ಲಿನ ಜನ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದರು. ಬಾಯಾರಿನ ಸುರಂಗಗಳು ಇಂದಿಗೂ ಅನೇಕ ಮನೆಗಳಿಗೆ ನೀರು ಕೊಡುತ್ತವೆ.

ಮಾಡು ಬದಲಾದಂತೆ

ಮಾಡಿನ ಮೇಲೆ ತರಕಾರಿ ಬೆಳೆಯುವುದು ಈ ಊರಿಗೆ ಹೊಸದಲ್ಲ. ಪದವಿನಿಂದ ಕೊಯ್ದು ತಂದ ಮುಳಿಹುಲ್ಲು ಹೊದೆಸಿದ ಹಟ್ಟಿಯ ಬುಡದಲ್ಲಿ ಕುಂಬಳದ ಬೀಜ ಹಾಕುತ್ತಿದ್ದರು. ಗೊಬ್ಬರಗುಂಡಿಯ ಸಾರ ಹೀರಿಕೊಂಡ ಬಳ್ಳಿ ಮಾಡಿಗೆ ಹಬ್ಬಿ, ಕಾಯಿ ಅಲ್ಲಿಯೇ ಬಲಿಯುತ್ತಿತ್ತು. ಬೇರು ನೆಲದಲ್ಲಿ, ಕಾಯಿ ಮೇಲೆ. ಮಾಡು ಹೊರಬೇಕಾದದ್ದು ಬಳ್ಳಿಯ ಭಾರ ಮಾತ್ರ.

1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಉಳ್ಳವರ ಮನೆಗಳು ಒಂದೊಂದಾಗಿ ಹಂಚಿಗೆ ಬಂದವು. ಇಳಿಜಾರಾದ ಹಂಚಿನ ಮಾಡು ಮಳೆಗೆ ಒಳ್ಳೆಯದು, ಗಿಡಕ್ಕಲ್ಲ. ಬಳ್ಳಿ ಹಬ್ಬಿದರೆ ಹಂಚು ಜಾರುತ್ತದೆ, ಒಡೆಯುತ್ತದೆ. ಹೀಗಾಗಿ ಹಂಚಿನ ಮನೆಯಲ್ಲಿ ಬಸಳೆಗೆ ಬಚ್ಚಲ ಬದಿಯ ಚಪ್ಪರ, ಹೂಗಿಡಗಳಿಗೆ ಅಂಗಳದ ಅಂಚು ಎಂದು ಜಾಗ ಹಂಚಿಹೋಯಿತು.

ಸಿಮೆಂಟು, ಕಬ್ಬಿಣ ಸುಲಭವಾಗಿ ಸಿಗತೊಡಗಿದ ಮೇಲೆ ತಾರಸಿ ಮನೆಗಳ ಕಾಲ ಬಂತು. ಕೊಲ್ಲಿ ದೇಶಗಳ ಸಂಪಾದನೆ, ಅಡಿಕೆಯ ಆದಾಯ ಎರಡೂ ಕಾಸರಗೋಡಿನಲ್ಲಿ ಅದಕ್ಕೆ ವೇಗ ಕೊಟ್ಟವು. ಅಡಿಕೆ ಕೃಷಿಕರಿಗೆ ತಾರಸಿ ಮೊದಲು ಕಂಡದ್ದು ಎತ್ತರದ ಅಂಗಳವಾಗಿ. ಚಾಲಿ ಅಡಿಕೆ ಸುಮಾರು 40–45 ದಿನ ಬಿಸಿಲಿನಲ್ಲಿ ಒಣಗಬೇಕು. ತಾರಸಿಯಲ್ಲಿ ನೆರಳಿಲ್ಲ, ದನಕರುಗಳ ಕಾಟವಿಲ್ಲ. ಆದರೆ ಒಣಗಿಸುವ ಕೆಲಸ ಬೇಸಿಗೆಯದು. ಮಳೆಗಾಲದಲ್ಲಿ ತಾರಸಿ ಖಾಲಿ, ಮಳೆಗಾಲವೇ ಬೆಂಡೆ, ಅಲಸಂಡೆ, ಹೀರೆ, ಮುಳ್ಳುಸೌತೆಯ ಕಾಲ. ತರಕಾರಿಗೆ ಮಾಡಿನ ಮೇಲೆ ಜಾಗ ದೊರೆತದ್ದು ಈ ಬಿಡುವಿನಿಂದ.

ಗದ್ದೆಯ ಸಾಲು ಮೇಲೇರಿತು

ಹಿಂದೆ ಮನೆಯ ತರಕಾರಿಗೆ ಎರಡು ನೆಲೆಗಳಿದ್ದವು. ಮಳೆಗಾಲದ ಬೆಳೆ ಮನೆಯ ಬದಿಯ ಏರು ಜಾಗದಲ್ಲಿ. ಬೇಸಿಗೆಯದು ಭತ್ತ ಕೊಯ್ದ ಗದ್ದೆಯಲ್ಲಿ. ಸೌತೆ, ಹರಿವೆ, ಕುಂಬಳದ ಸಾಲುಗಳಿಗೆ ಏತದಿಂದಲೋ ಕೊಡದಿಂದಲೋ ನೀರು ಹನಿಸುತ್ತಿದ್ದರು. ಭತ್ತ ಗಿಟ್ಟದೆ ಗದ್ದೆಗಳಲ್ಲಿ ಅಡಿಕೆ ಸಸಿ ನಿಂತಾಗ ಬೇಸಿಗೆಯ ಸಾಲೂ ಅದರೊಂದಿಗೆ ಹೋಯಿತು. ಅಡಿಕೆ ಮರ ಬೆಳೆದ ಮೇಲೆ ಬುಡದ ನೆರಳಿನಲ್ಲಿ ಬೆಂಡೆಯಾಗಲಿ ಬದನೆಯಾಗಲಿ ಸರಿಯಾಗಿ ಕಾಯಿ ಬಿಡುವುದಿಲ್ಲ. ಅವಕ್ಕೆ ದಿನಕ್ಕೆ ಐದಾರು ಗಂಟೆಯಾದರೂ ನೇರ ಬಿಸಿಲು ಬೇಕು. ಉಳಿದ ತೆರೆದ ಜಾಗದಲ್ಲಿ ನೆಟ್ಟದ್ದನ್ನು ಕಾಡುಹಂದಿ ಅಗೆದುಹಾಕಿತು, ನವಿಲು ಕುಕ್ಕಿತು. ಬಿಸಿಲೂ ಇದ್ದು ಹಂದಿಯೂ ಬಾರದ ಜಾಗವೆಂದರೆ ತಾರಸಿ. ಮಂಗ ಮಾತ್ರ ಅಲ್ಲಿಗೂ ಬರುತ್ತದೆ. ಬಲೆ ಕಟ್ಟದೆ ಬೇರೆ ದಾರಿಯಿಲ್ಲ.

ಮೂರನೆಯ ಕಾರಣ ವಿಷದ ಭಯ. 1970ರ ದಶಕದ ಕೊನೆಯಿಂದ 2000ದವರೆಗೆ ಜಿಲ್ಲೆಯ ಸರ್ಕಾರಿ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಗುತ್ತಿತ್ತು. ಅದರ ಪರಿಣಾಮದ ಸುದ್ದಿ ಮೊದಲು ಹೊರಬಂದ ಪಡ್ರೆ ಇರುವುದು ಇದೇ ತಾಲೂಕಿನ ಎಣ್ಮಕಜೆ ಪಂಚಾಯತಿಯಲ್ಲಿ. 2005ರಲ್ಲಿ ಕೇರಳದಲ್ಲಿ, 2011ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಿಂದ ದೇಶದಲ್ಲೆಲ್ಲ ಆ ಕೀಟನಾಶಕಕ್ಕೆ ನಿಷೇಧ ಬಿತ್ತು. 2012ರಲ್ಲಿ ಕಾಸರಗೋಡನ್ನು ಸಾವಯವ ಜಿಲ್ಲೆಯೆಂದು ಘೋಷಿಸಲಾಯಿತು. ಹೊರರಾಜ್ಯದಿಂದ ಲಾರಿಯಲ್ಲಿ ಬರುವ ತರಕಾರಿಯಲ್ಲಿನ ವಿಷದ ಅಂಶ ಕೇರಳದಾದ್ಯಂತ ಚರ್ಚೆಯಾದಾಗ, ಆ ಮಾತು ಈ ಜಿಲ್ಲೆಯಲ್ಲಿ ನಾಟಿದಷ್ಟು ಬೇರೆಲ್ಲಿಯೂ ನಾಟಿರಲಾರದು.

ಪ್ರತಿ ಪಂಚಾಯತಿಗೊಂದರಂತೆ ಇರುವ ಕೃಷಿ ಭವನಗಳು ಈ ಹೊತ್ತಿನಲ್ಲಿ ಮಣ್ಣು ತುಂಬಿದ ಗ್ರೋಬ್ಯಾಗ್ ಮತ್ತು ತರಕಾರಿ ಸಸಿಗಳನ್ನು ಸಹಾಯಧನದಲ್ಲಿ ಹಂಚತೊಡಗಿದವು. ಓಣಂ ಹಬ್ಬಕ್ಕೆ ಬೇಕಾದ ಒಂದು ಮೊರದಷ್ಟು ತರಕಾರಿಯನ್ನು ಮನೆಯಲ್ಲೇ ಬೆಳೆಯಿರಿ ಎಂಬ ಕೇರಳ ಸರ್ಕಾರದ ಯೋಜನೆ ಬೀಜದ ಪೊಟ್ಟಣವನ್ನು ಮನೆಮನೆಗೆ, ಶಾಲೆಶಾಲೆಗೆ ಮುಟ್ಟಿಸಿತು. 2020ರ ಲಾಕ್‌ಡೌನ್ ತಿಂಗಳುಗಳು ಉಳಿದವರನ್ನೂ ತಾರಸಿ ಹತ್ತಿಸಿದವು.

ಚೀಲದೊಳಗಿನ ಮಣ್ಣು

ಮುರಕಲ್ಲಿನ ಮಣ್ಣು ಹುಳಿ. ಜೋರು ಮಳೆ ಅದರ ಸುಣ್ಣ, ಮೆಗ್ನೀಷಿಯಂಗಳನ್ನು ತೊಳೆದೊಯ್ಯುತ್ತದೆ. ಇಂಥ ಬೆಚ್ಚಗಿನ, ಹುಳಿಯಾದ, ಒದ್ದೆ ಮಣ್ಣಿನಲ್ಲಿ ಟೊಮೆಟೊ, ಬದನೆ, ಮೆಣಸಿಗೆ ಬಾಡುರೋಗ ತರುವ ರಾಲ್‌ಸ್ಟೋನಿಯಾ ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆಯುತ್ತದೆ. ಬೆಳಗ್ಗೆ ಹಸುರಾಗಿದ್ದ ಗಿಡ ಮಧ್ಯಾಹ್ನ ಜೋಲುಬಿದ್ದು ಕೆಲವೇ ದಿನಗಳಲ್ಲಿ ಸಾಯುತ್ತದೆ, ರೋಗಾಣು ವರ್ಷಗಟ್ಟಲೆ ಆ ನೆಲದಲ್ಲಿ ಉಳಿಯುತ್ತದೆ. ಕುಂಡದ ಬೇಸಾಯ ಇಲ್ಲಿ ಗೆದ್ದದ್ದಕ್ಕೆ ಇದೂ ಒಂದು ಗುಟ್ಟು. ಚೀಲದ ಮಣ್ಣನ್ನು ಬಿಸಿಲಿಗೆ ಹರಡಿ, ಸುಣ್ಣ ಬೆರೆಸಿ, ಹತ್ತು ಹದಿನೈದು ದಿನ ಬಿಟ್ಟು ಗಿಡ ನೆಡಬಹುದು. ರೋಗ ಬಂದರೆ ಆ ಒಂದು ಚೀಲವನ್ನು ಹೊರಗೆ ಹಾಕಿದರೆ ಮುಗಿಯಿತು.

ಕೇರಳ ಕೃಷಿ ವಿಶ್ವವಿದ್ಯಾಲಯ ಬಾಡುರೋಗ ತಡೆಯುವ ತಳಿಗಳನ್ನೂ ಕೊಟ್ಟಿದೆ: ಟೊಮೆಟೊದಲ್ಲಿ ಶಕ್ತಿ, ಮುಕ್ತಿ, ಅನಘ, ಬದನೆಯಲ್ಲಿ ಸೂರ್ಯ, ಶ್ವೇತ, ಹರಿತ, ಮೆಣಸಿನಲ್ಲಿ ಉಜ್ವಲ. ಇನ್ನೊಂದು ಉಪಾಯ ಕಸಿ. ದಾರಿ ಬದಿಯಲ್ಲಿ ತಾನಾಗಿ ಬೆಳೆಯುವ ಮುಳ್ಳಿನ ಕುದನೆ ಬದನೆಯ ಕಾಡು ನೆಂಟ. ಅದರ ಬೇರಿಗೆ ಬಾಡುರೋಗ ಸುಲಭವಾಗಿ ತಾಗುವುದಿಲ್ಲ. ಎಳೆಯ ಕುದನೆಯ ಬುಡಕ್ಕೆ ಊರಿನ ಬದನೆಯ ತುದಿ ಕಸಿ ಕಟ್ಟಿದರೆ ಗಿಡ ಒಂದೇ ಋತುವಿಗೆ ಮುಗಿಯದೆ ಬಹುಕಾಲ ಕಾಯಿ ಬಿಡುತ್ತದೆ.

ಚೀಲಕ್ಕೆ ತುಂಬುವ ಮಿಶ್ರಣವೆಂದರೆ ಸಮಪಾಲು ಮಣ್ಣು, ಮರಳು, ಹಟ್ಟಿಗೊಬ್ಬರ. ಮರಳಿನ ಬದಲು ತೆಂಗಿನ ನಾರಿನ ಹುಡಿ ಸೇರಿಸಿದರೆ ಭಾರ ಇಳಿಯುತ್ತದೆ, ತೇವವೂ ಹೆಚ್ಚು ಹೊತ್ತು ನಿಲ್ಲುತ್ತದೆ. 1916ರಲ್ಲಿ ತೆಂಗು ಸಂಶೋಧನೆಗೆಂದು ಆರಂಭವಾದ ಕಾಸರಗೋಡಿನ ಕೇಂದ್ರ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ತೆಂಗಿನ ಗರಿಯಿಂದ ಎರೆಗೊಬ್ಬರ ಮಾಡುವ ವಿಧಾನವನ್ನು ರೂಪಿಸಿದೆ. ತೆಂಗು, ಅಡಿಕೆಯ ಊರಿನಲ್ಲಿ ಚೀಲ ತುಂಬಲು ಬೇಕಾದದ್ದರಲ್ಲಿ ಹೆಚ್ಚಿನದು ಹಿತ್ತಿಲಲ್ಲೇ ಸಿಗುತ್ತದೆ.

ಭಾರ, ಬಿಸಿ, ನೀರು

ತಾರಸಿಗೆ ತಡೆದುಕೊಳ್ಳುವ ಶಕ್ತಿಯ ಮಿತಿಯಿದೆ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕ ಹೇಳುವ ಹೊರೆ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಎಂದರೆ ಸುಮಾರು 150 ಕಿಲೋ. ಒದ್ದೆ ಮಣ್ಣನ್ನು 10 ಸೆಂಟಿಮೀಟರ್ ದಪ್ಪಕ್ಕೆ ಹರಡಿದರೇ ಅದು 160ರಿಂದ 200 ಕಿಲೋ ತೂಗುತ್ತದೆ. ಆದ್ದರಿಂದ ತಾರಸಿಯ ಮೇಲೆ ನೇರವಾಗಿ ಪಾತಿ ಮಾಡುವುದು ಅಪಾಯ. ಚೀಲಗಳನ್ನು ಬಿಡಿಬಿಡಿಯಾಗಿ, ಗೋಡೆ ಮತ್ತು ಬೀಮುಗಳ ನೇರಕ್ಕೆ, ಎರಡು ಇಟ್ಟಿಗೆಗಳ ಮೇಲೆ ಇಡುವ ಪದ್ಧತಿ ಬಂದದ್ದು ಈ ಲೆಕ್ಕದಿಂದ. ಇಟ್ಟಿಗೆಯ ಎತ್ತರದಿಂದ ಸುರಿದ ನೀರು ಹರಿದುಹೋಗುತ್ತದೆ, ಚೀಲದ ಅಡಿ ಒಣಗುತ್ತದೆ, ಬೇರು ಕಾದ ಕಾಂಕ್ರೀಟಿಗೆ ತಾಗುವುದಿಲ್ಲ.

ಮಾರ್ಚ್, ಏಪ್ರಿಲ್‌ನಲ್ಲಿ ಗಿಡವನ್ನು ಕೊಲ್ಲುವುದು ಮೇಲಿನ ಬಿಸಿಲಿಗಿಂತ ಹೆಚ್ಚಾಗಿ ಕಾದ ಕುಂಡದ ಬದಿ. ಕಪ್ಪು ಪ್ಲಾಸ್ಟಿಕ್ ಕುಂಡದ ಅಂಚಿನ ಬೇರು ಮೊದಲು ಬೇಯುತ್ತದೆ. ಗ್ರೋಬ್ಯಾಗಿನ ಹೊರಮೈ ಬಿಳಿಯಾಗಿರುವುದು ಬಿಸಿಲನ್ನು ಹಿಂದೆ ತಳ್ಳಲು, ಒಳಮೈ ಕಪ್ಪಾಗಿರುವುದು ಬೇರಿಗೆ ಬೆಳಕು ತಾಗದಿರಲು. ಮಣ್ಣಿನ ಕುಂಡ ತನ್ನ ಮೈಯಿಂದ ನೀರು ಬಿಟ್ಟು ತಣ್ಣಗಿರುತ್ತದೆ, ಆದರೆ ಬೇಗ ಒಣಗುತ್ತದೆ, ತೂಕವೂ ಹೆಚ್ಚು. ಒಣ ಅಡಿಕೆ ಸೋಗೆ, ತರಗೆಲೆಗಳನ್ನು ಬುಡಕ್ಕೆ ಮುಚ್ಚುವುದು ಎಲ್ಲ ಬಗೆಯ ಕುಂಡಕ್ಕೂ ಹಿತ.

ನೀರಿನ ಲೆಕ್ಕ ವಿಚಿತ್ರವಾಗಿದೆ. 100 ಚದರ ಮೀಟರಿನ ತಾರಸಿಯ ಮೇಲೆ 3,500 ಮಿಲಿಮೀಟರ್ ಮಳೆ ಬಿದ್ದರೆ ಅದು ಮೂರೂವರೆ ಲಕ್ಷ ಲೀಟರ್. ಅದೇ ತಾರಸಿಯಲ್ಲಿ 50 ಚೀಲಗಳಿಗೆ ದಿನಕ್ಕೆ ಎರಡೆರಡು ಲೀಟರಿನಂತೆ ಐದು ತಿಂಗಳ ಬೇಸಿಗೆಗೆ ಬೇಕಾಗುವುದು ಸುಮಾರು 15,000 ಲೀಟರ್, ಬಿದ್ದುದರ ಶೇಕಡ ಐದಕ್ಕಿಂತ ಕಡಿಮೆ. ಆದರೆ ಆ ಮಳೆ ಬಂದು ಹೋಗಿ ತಿಂಗಳುಗಳಾಗಿರುತ್ತವೆ. ಮಾಡಿನ ನೀರನ್ನು ಟ್ಯಾಂಕಿಗೋ ಬಾವಿಗೋ ಇಳಿಸಿದ ಮನೆಗಳಲ್ಲಿ ಮಾತ್ರ ತಾರಸಿ ತೋಟ ಏಪ್ರಿಲ್ ದಾಟುತ್ತದೆ. ಮಳೆಗಾಲದಲ್ಲಿ ಕಷ್ಟ ತಿರುಗುಮುರುಗು: ಹನಿಯ ಹೊಡೆತಕ್ಕೆ ಹೂ ಉದುರುತ್ತದೆ, ಗೊಬ್ಬರ ತೊಳೆದುಹೋಗುತ್ತದೆ, ಟೊಮೆಟೊ ಕೊಳೆಯುತ್ತದೆ. ಅದಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಕೆ ಬೇಕು. ಕುಂಡದಡಿಯ ತಟ್ಟೆಯಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಲೇಬೇಕು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆಗೆ ಬರಲು ಅಷ್ಟು ದಿನ ಸಾಕು.

ಕರೆಯದೆ ಬಂದವು

ತಾರಸಿಯಲ್ಲಿ ನೆಟ್ಟ ಗಿಡಗಳಷ್ಟೇ ಇರುವುದಿಲ್ಲ. ಮಣ್ಣಿನ ಜೊತೆಗೆ, ಗಾಳಿಯಲ್ಲಿ, ಹಕ್ಕಿಯ ಹಿಕ್ಕೆಯಲ್ಲಿ ಕಾಡುಗಿಡಗಳೂ ಬರುತ್ತವೆ. ಮೊದಲ ಮಳೆಗೆ ಗೋಡೆಯಲ್ಲಿ ಪಾಚಿ, ಅದರ ಮೇಲೆ ಜರಿಗಿಡ, ಮಕ್ಕಳು ಸ್ಲೇಟು ಒರೆಸುತ್ತಿದ್ದ ನೀರುಕಡ್ಡಿ. ಕುಂಡಗಳಲ್ಲಿ ನೆಲನೆಲ್ಲಿ, ಗರಿಕೆ, ತುಂಬೆ, ಗೋಣಿಸೊಪ್ಪು. ಇವೆಲ್ಲ ಕಳೆಯೆಂದು ಕಿತ್ತೆಸೆಯುವ ಪದ್ಧತಿ ಇಲ್ಲಿಲ್ಲ. ನೆಲನೆಲ್ಲಿ ಕಾಮಾಲೆಯ ಮನೆಮದ್ದೆಂದು ಹೆಸರಾದದ್ದು, ಗರಿಕೆ ಗಣಪತಿಗೆ, ತುಂಬೆ ಓಣಂ ಹೂವಿನ ರಂಗೋಲಿಗೆ. ಆಟಿ ತಿಂಗಳಲ್ಲಿ ತಜಂಕ್ ಎಂದು ತುಳುವರು ಕರೆಯುವ ಚಗಟೆಸೊಪ್ಪು, ಪತ್ರೊಡೆಗೆ ಕೆಸುವಿನ ಎಲೆ, ತಂಬುಳಿಗೆ ಒಂದೆಲಗ ಬೇಕು. ಗುಡ್ಡಕ್ಕೂ ಗದ್ದೆ ಬದುವಿಗೂ ಹೋಗಿ ತರುತ್ತಿದ್ದ ಇವನ್ನು ಈಗ ಹಳೆಯ ಬಕೆಟು, ಒಡೆದ ಕೊಡಗಳಲ್ಲಿ ಸಾಕುತ್ತಾರೆ. ಸಾಂಬ್ರಾಣಿ, ನೆಲಬಸಳೆಯಂಥವು ಒಮ್ಮೆ ಬಂದರೆ ಆರೈಕೆಯನ್ನೂ ಕೇಳುವುದಿಲ್ಲ.

ಬರಗೊಡಬಾರದ ಅತಿಥಿಗಳು ಗೋಳಿ ಮತ್ತು ಅಶ್ವತ್ಥ. ಹಣ್ಣು ತಿಂದ ಹಕ್ಕಿ ಬೀಳಿಸಿದ ಬೀಜ ಬಿರುಕಿನಲ್ಲಿ ಮೊಳೆತು, ನೀರು ಹುಡುಕುತ್ತ ಬೇರನ್ನು ಕಾಂಕ್ರೀಟಿನೊಳಕ್ಕೆ ಇಳಿಸುತ್ತದೆ. ಎರಡೆಲೆ ಇರುವಾಗ ಬೆರಳಿಂದ ಕೀಳಬಹುದು. ಎರಡು ವರ್ಷ ಬಿಟ್ಟರೆ ಕಲ್ಲುಕೆಲಸದವರನ್ನು ಕರೆಸಬೇಕಾಗುತ್ತದೆ.

ಪದವಿನ ಪಾಠ

ಕಾಡುಗಿಡಗಳು ತಾರಸಿಗೆ ಇಷ್ಟು ಬೇಗ ಒಗ್ಗುವುದರಲ್ಲಿ ಆಶ್ಚರ್ಯವಿಲ್ಲ. ಬಾಯಾರುಪದವಿನಂಥ ಮುರಕಲ್ಲ ಬಯಲಿನ ಸ್ಥಿತಿಯೂ ಇದೇ: ಬೆರಳ ದಪ್ಪದ ಮಣ್ಣು, ನಾಲ್ಕು ತಿಂಗಳು ನಿಂತ ನೀರು, ಆಮೇಲೆ ಸುಡುವ ಕಲ್ಲು. ಅಲ್ಲಿ ಬದುಕುವ ಗಿಡಗಳು ಕೆಲವೇ ಉಪಾಯಗಳನ್ನು ಬಲ್ಲವು. ಹುಳು ಹಿಡಿಯುವ ಯುಟ್ರಿಕ್ಯುಲೇರಿಯಾ, ಬಿಳಿ ಗುಂಡಿಯಂಥ ಹೂವಿನ ಎರಿಯೊಕಾಲಾನ್ ಮಳೆಯಲ್ಲಿ ಹುಟ್ಟಿ ಮಳೆ ಮುಗಿಯುವಾಗ ಬೀಜವಾಗುತ್ತವೆ. ಕೆಲವು ಗೆಡ್ಡೆಯಾಗಿ ನೆಲದೊಳಗೆ ಮಲಗುತ್ತವೆ. ಪಾಚಿ ಒಣಗಿ ಕಪ್ಪಾಗಿದ್ದು ಮಳೆ ಬಿದ್ದ ಕೂಡಲೇ ಹಸುರಾಗುತ್ತದೆ.

ಅನುಭವಿ ಕೃಷಿಕರ ತಾರಸಿಯೂ ಇದೇ ಕ್ರಮವನ್ನು ಹಿಡಿದಿದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬೆಂಡೆ, ಅಲಸಂಡೆ, ಹೀರೆ, ಹಾಗಲ. ಮಳೆ ನಿಂತ ಮೇಲೆ ಬದನೆ, ಟೊಮೆಟೊ, ಮೆಣಸು, ಹರಿವೆ. ಚಳಿಯ ಎರಡು ತಿಂಗಳಲ್ಲಿ ಬೇಕಿದ್ದರೆ ಹೂಕೋಸು. ಕಡುಬೇಸಿಗೆಯಲ್ಲಿ ನೀರಿದ್ದಷ್ಟು ಬಸಳೆ ಮತ್ತು ಮಲ್ಲಿಗೆ. ಉಳಿದ ಚೀಲಗಳನ್ನು ಬರಿದು ಮಾಡಿ ಮಣ್ಣನ್ನು ಒಣಗಿಸುತ್ತಾರೆ. ಅರಿಶಿನ, ಶುಂಠಿ, ಕೆಸುವಿನ ಗೆಡ್ಡೆಗಳು ಚೀಲದೊಳಗೇ ಮಲಗಿ ಮಳೆ ಕಾಯುತ್ತವೆ.

ಈಚೆಗೆ ಮಾಡು ಇನ್ನೊಮ್ಮೆ ಬದಲಾಗುತ್ತಿದೆ. ಸೋರುವಿಕೆ ತಡೆಯಲು, ಅಡಿಕೆಯನ್ನು ಅಕಾಲ ಮಳೆಯಿಂದ ಉಳಿಸಲು ಅನೇಕ ಮನೆಗಳ ತಾರಸಿಯ ಮೇಲೆ ತಗಡಿನ ಶೀಟು ಬಂದಿದೆ. ಅದರಡಿಯಲ್ಲಿ ತರಕಾರಿ ಬೆಳೆಯದು. ಬಿಸಿಲು ಬೇಕಾದ ಗಿಡಗಳು ಶೀಟಿನ ಹೊರಗಿನ ಅಂಚಿಗೆ, ಕಿಟಕಿ ಮೇಲಿನ ಸಜ್ಜಾಕ್ಕೆ, ಗೇಟಿನ ಬದಿಗೆ ಸರಿದಿವೆ. ಒಳಗಿನ ನೆರಳಿಗೆ ಜರಿಗಿಡ, ಒಂದೆಲಗ, ಸಾಂಬ್ರಾಣಿ ಬಂದಿವೆ. ಮಾಡಿನ ಒಂದು ಭಾಗಕ್ಕೆ ಪಾರದರ್ಶಕ ಶೀಟು ಹೊದೆಸಿದವರು ಬೇಸಿಗೆಯಲ್ಲಿ ಅಡಿಕೆ ಒಣಗಿಸಿ, ಮಳೆಗಾಲದಲ್ಲಿ ಅದರಡಿಯಲ್ಲೇ ಟೊಮೆಟೊ, ಮೆಣಸು ಬೆಳೆಯುತ್ತಿದ್ದಾರೆ.