ವರ್ಡ್‌ಕ್ಯಾಂಪಿಗೆ ಹೋಗುವವರಿಗೆ ನಾಲ್ಕು ಮಾತು

ನಮ್ಮ ವಾಚನಾಲಯಕ್ಕೆ ಸಂಜೆಯ ಹೊತ್ತು ಬರುವ ತರುಣರಲ್ಲಿ ಜಾಲತಾಣ ಕಟ್ಟುವ ಉದ್ಯೋಗದವರು ಈಗ ಹಲವರಿದ್ದಾರೆ. “ವರ್ಡ್‌ಕ್ಯಾಂಪ್ ಎಂಬ ಸಮ್ಮೇಳನ ನಡೆಯುತ್ತದಂತಲ್ಲ, ಹೋದರೆ ಏನು ಪ್ರಯೋಜನ?” ಎಂದು ಅವರು ಕೇಳುವುದುಂಟು. ಪಕ್ಕದಲ್ಲಿ ಕುಳಿತ ಹಿರಿಯರು ಇದು ತಮಗೆ ಸಂಬಂಧಿಸಿದ ಮಾತಲ್ಲವೆಂದು ಪತ್ರಿಕೆಯ ಹಾಳೆ ಮಗುಚುತ್ತಾರೆ. ಇಬ್ಬರಿಗೂ ಸೇರಿಸಿಯೇ ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇವೆ.

ವರ್ಡ್‌ಪ್ರೆಸ್ ಎಂಬುದು ಜಾಲತಾಣಗಳನ್ನು ಕಟ್ಟಿ ನಡೆಸಲು ನೆರವಾಗುವ ತಂತ್ರಾಂಶ. ಅಮೆರಿಕದ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಇಂಗ್ಲೆಂಡಿನ ಮೈಕ್ ಲಿಟಲ್ ಎಂಬಿಬ್ಬರು, ಬೇರೊಬ್ಬರು ಬರೆದು ನಿಲ್ಲಿಸಿದ್ದ ತಂತ್ರಾಂಶವೊಂದನ್ನು ಮುಂದುವರಿಸಿ, 2003ರ ಮೇ ತಿಂಗಳಲ್ಲಿ ಇದನ್ನು ಹೊರತಂದರು. ಹಾಗೆ ಮುಂದುವರಿಸಲು ಅವರಿಗೆ ಅಧಿಕಾರ ಕೊಟ್ಟದ್ದು ಜಿ.ಪಿ.ಎಲ್. ಎಂಬ ಪರವಾನಗಿ. ಅದರಂತೆ ಯಾರು ಬೇಕಾದರೂ ತಂತ್ರಾಂಶವನ್ನು ಬಳಸಬಹುದು, ಒಳಗನ್ನು ತೆರೆದು ನೋಡಬಹುದು, ತಿದ್ದಬಹುದು, ಹಂಚಬಹುದು. ಆದರೆ ತಿದ್ದಿ ಹಂಚಿದವರು ತಮಗೆ ದೊರೆತ ಸ್ವಾತಂತ್ರ್ಯವನ್ನೇ ಮುಂದಿನವರಿಗೂ ಕೊಡತಕ್ಕದ್ದು. ಇಂದು ಜಗತ್ತಿನ ಜಾಲತಾಣಗಳಲ್ಲಿ ಸುಮಾರು ಐದರಲ್ಲೆರಡು ಪಾಲು ಇದರ ಮೇಲೆ ನಿಂತಿವೆ.

ಇದನ್ನು ಬಳಸುವವರೂ ಕಟ್ಟುವವರೂ ಒಂದೆಡೆ ಸೇರುವ ಸಮ್ಮೇಳನವೇ ವರ್ಡ್‌ಕ್ಯಾಂಪ್. ಮೊದಲನೆಯದು 2006ರಲ್ಲಿ ಸಾನ್ ಫ್ರಾನ್ಸಿಸ್ಕೋದಲ್ಲಿ ನಡೆಯಿತು. ನಮ್ಮ ದೇಶದಲ್ಲಿ ಮುಂಬಯಿ, ಪುಣೆ, ಅಹಮದಾಬಾದ್, ಕೊಲ್ಕತ್ತ ಮೊದಲಾದ ಊರುಗಳು ಇದನ್ನು ಕಂಡಿವೆ. 2020ರಲ್ಲಿ ಬ್ಯಾಂಕಾಕಿನಲ್ಲಿ ಸೇರಬೇಕಿದ್ದ ಏಷ್ಯಾ ಸಮ್ಮೇಳನ ಕೋವಿಡ್ಡಿನಿಂದ ನಿಂತುಹೋಗಿ, 2023ರಲ್ಲಿ ಅಲ್ಲಿಯೇ ನೆರವೇರಿತು. ಏರ್ಪಡಿಸುವವರಿಗಾಗಲಿ ಭಾಷಣ ಮಾಡುವವರಿಗಾಗಲಿ ಇಲ್ಲಿ ಸಂಭಾವನೆಯಿಲ್ಲ. ಖರ್ಚಿನ ಬಹುಪಾಲನ್ನು ಪ್ರಾಯೋಜಕರು ಹೊರುವುದರಿಂದ ಟಿಕೆಟಿನ ದರವೂ ಕಡಿಮೆಯೇ.

ಮೊದಲ ಸಲ ಹೋಗುವವರು ಒಂದು ಭಾಷಣವೂ ತಪ್ಪಬಾರದೆಂದು ಕೊಠಡಿಯಿಂದ ಕೊಠಡಿಗೆ ಓಡಾಡುತ್ತಾರೆ. ಅದು ಬೇಡ. ಅನೇಕ ಭಾಷಣಗಳ ವಿಡಿಯೋ ಮುದ್ರಿಕೆಗಳನ್ನು ಆಮೇಲೆ ಮನೆಯಲ್ಲಿ ಕುಳಿತೇ ನೋಡಬಹುದು. ಪಡಸಾಲೆಯಲ್ಲಿ ಚಹಾ ಕುಡಿಯುತ್ತ ನಡೆಯುವ ಮಾತುಕತೆ ಮಾತ್ರ ಮತ್ತೆ ಸಿಗದು. ಇಂಥ ಕೂಟಗಳಲ್ಲಿ ಒಂದು ಒಳ್ಳೆಯ ವಾಡಿಕೆಯಿದೆ: ಗುಂಪಾಗಿ ನಿಂತವರು ಹೊಸಬರು ಬಂದು ಸೇರಲೆಂದು ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿರುತ್ತಾರೆ. ಸಂಕೋಚಪಡದೆ ಆ ಜಾಗದಲ್ಲಿ ಹೋಗಿ ನಿಲ್ಲಬೇಕು.

ಸಮ್ಮೇಳನದ ಜೊತೆಗೆ ಸಾಮಾನ್ಯವಾಗಿ ‘ಕೊಡುಗೆಯ ದಿನ’ವೊಂದಿರುತ್ತದೆ. ಅಂದು ಭಾಷಣವಿಲ್ಲ, ಕೆಲಸ ಮಾತ್ರ. ಕೋಡು ಬರೆಯುವವರಿಗೊಂದು ಮೇಜು, ಪರೀಕ್ಷಿಸುವವರಿಗೊಂದು, ಕೈಪಿಡಿ ಬರೆಯುವವರಿಗೊಂದು, ಅನುವಾದಕರಿಗೊಂದು. ಹಾಳೆ ಮಗುಚಿದ ಹಿರಿಯರನ್ನು ನಾವು ಕರೆಯುವುದು ಈ ಕೊನೆಯ ಮೇಜಿಗೆ.

ಅಲ್ಲಿನ ಕೆಲಸ ಸುಲಭವೆಂದು ತೋರಿದರೂ ಸುಲಭವಲ್ಲ. ಲೇಖಕರ ಹೆಸರು ಬರಬೇಕಾದ ಕಡೆ ವಾಕ್ಯದಲ್ಲಿ ಶೇಕಡಾ ಚಿಹ್ನೆಯ ಗುರುತೊಂದಿರುತ್ತದೆ. ಯಂತ್ರ ಅಲ್ಲಿ ಹೆಸರನ್ನು ತುಂಬುತ್ತದೆ. ಇಂಗ್ಲಿಷಿನಲ್ಲಿ ಹೆಸರಿನ ಹಿಂದೆ ಒಂದು ಪುಟ್ಟ ಪದವಿಟ್ಟರೆ ಮುಗಿಯಿತು. ಕನ್ನಡದಲ್ಲಿ ‘ರಮೇಶನಿಂದ’, ‘ಸೀತೆಯಿಂದ’ ಎಂದು ಹೆಸರಿಗೆ ತಕ್ಕಂತೆ ಪ್ರತ್ಯಯ ಕೂಡಿಕೊಳ್ಳಬೇಕು. ಯಂತ್ರ ಅದನ್ನು ತಾನಾಗಿ ಕೂಡಿಸದು. ಆದ್ದರಿಂದ ‘ಲೇಖಕರು:’ ಎಂದು ಬರೆದು ಮುಂದೆ ಗುರುತನ್ನಿಡುವುದು ಜಾಣತನ. ‘ಪೋಸ್ಟ್’ ಎಂಬ ಪದಕ್ಕೆ ಅಂಚೆ, ಹುದ್ದೆ, ಕಂಬ ಎಂದೆಲ್ಲ ಅರ್ಥಗಳುಂಟು. ಇಲ್ಲಿ ಸಲ್ಲುವುದು ‘ಬರಹ’. ಇಂಥ ಕಡೆ ಬೇಕಾದದ್ದು ಕೋಡಿನ ಜ್ಞಾನವಲ್ಲ, ಕನ್ನಡದ ಕಿವಿ.

ಅನುವಾದವಾಗದ ವಾಕ್ಯ ಇಂಗ್ಲಿಷಿನಲ್ಲಿಯೇ ಉಳಿದುಬಿಡುತ್ತದೆ. ತಾಲೂಕಿನ ಶಾಲೆಯ ಶಿಕ್ಷಕಿಯೊಬ್ಬರು ಮಕ್ಕಳ ಬರಹಗಳಿಗೊಂದು ಜಾಲತಾಣ ಮಾಡಹೊರಟರೆನ್ನಿ. ನಾಲ್ಕು ಸೂಚನೆ ಕನ್ನಡದಲ್ಲಿದ್ದು, ಅಳಿಸುವ ಮುನ್ನ ಕೊಡುವ ಎಚ್ಚರಿಕೆಯೇ ಇಂಗ್ಲಿಷಿನಲ್ಲಿದ್ದರೆ ಗತಿಯೇನು? ಅರ್ಥವಾಗದೆ ಒತ್ತಿದ ಒಂದು ಗುಂಡಿಗೆ ವರ್ಷದ ಕೆಲಸವೇ ಹೋದೀತು.

ನಾವು ಹೋಗಿದ್ದ ಒಂದು ಸಮ್ಮೇಳನದಲ್ಲಿ ಅನುವಾದದ ಮೇಜಿನ ಸುತ್ತ ಮರಾಠಿಯವರೂ ಗುಜರಾತಿಯವರೂ ಗುಂಪುಗುಂಪಾಗಿ ಕುಳಿತು ಪದಗಳಿಗಾಗಿ ಜಗಳವಾಡುತ್ತಿದ್ದರು. ಕನ್ನಡದವರು ನಾವಿಬ್ಬರೇ. ಜಗಳವಾಡಲು ಮೂರನೆಯವರಿಲ್ಲದೆ ಹೋದದ್ದು ಮನಸ್ಸಿಗೆ ಬಹಳ ನೋವಾಯಿತು. ಏಕೆಂದರೆ ಕೆಲಸ ಒಬ್ಬರಿಂದ ಪೂರೈಸುವುದಲ್ಲ. ಒಬ್ಬರು ಸೂಚಿಸಿದ ಅನುವಾದವನ್ನು ಆ ಭಾಷೆಯ ಸಂಪಾದಕರು ಪರಿಶೀಲಿಸಿ ಒಪ್ಪಬೇಕು. ಒಮ್ಮೆ ಒಪ್ಪಿದ ಪದವನ್ನೇ ಎಲ್ಲೆಡೆಯೂ ಬಳಸಬೇಕು. ಅಂದು ತೊಡಗಿದ್ದನ್ನು ಮನೆಗೆ ಬಂದು ಮುಂದುವರಿಸಿದರೆ ಮಾತ್ರ ಫಲ.

ಹೋಗುವವರು ಲ್ಯಾಪ್‌ಟಾಪನ್ನೂ ಅದರ ಚಾರ್ಜರನ್ನೂ ಒಯ್ಯಲಿ. ವರ್ಡ್‌ಪ್ರೆಸ್ಸಿನ ಖಾತೆಯನ್ನು ಮೊದಲೇ ತೆರೆದಿರಲಿ, ಅದಕ್ಕೆ ಶುಲ್ಕವಿಲ್ಲ. ಕನ್ನಡ ಬೆರಳಚ್ಚನ್ನು ರೂಢಿಸಿಕೊಂಡಿರಲಿ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ನಮ್ಮ ಕಪಾಟಿನಲ್ಲಿದೆ, ಬಂದು ನೋಡಬಹುದು.

ಈ ವಾಚನಾಲಯದ ಪುಸ್ತಕಗಳನ್ನು ಕೊಟ್ಟವರು ಯಾರೋ, ದೀಪದ ಖರ್ಚು ಹೊತ್ತವರು ಯಾರೋ. ನಾವು ಕಾಸು ಕೊಡದೆ ಓದುತ್ತೇವೆ. ಮುಕ್ತ ತಂತ್ರಾಂಶವೂ ಇಂಥದೇ ಒಂದು ವಾಚನಾಲಯ. ಓದಿದವರು ಒಂದು ಪುಸ್ತಕವನ್ನಾದರೂ ತಂದಿಡಬೇಕಲ್ಲವೆ? ಮುಂದಿನ ಸಮ್ಮೇಳನದಲ್ಲಿ ಕನ್ನಡದ ಮೇಜಿಗೆ ಒಬ್ಬ ತರುಣರೂ ಒಬ್ಬ ಹಿರಿಯರೂ ಜೊತೆಯಾಗಿ ಬರಲೆಂದು ನಮ್ಮ ಪ್ರಾರ್ಥನೆ.