ಹವಳದ ಊಟ, ನೀರಿನ ಓಟ

ಜಗಳೂರು ಸೀಮೆಯ ಸೊಕ್ಕೆಯಂಥ ಒಳನಾಡಿನ ಊರಿನಲ್ಲಿ ಹವಳವೆಂದರೆ ಕೊರಳ ಸರದ ಮಣಿ. ಆದರೆ ಮುರುಡೇಶ್ವರದ ಬಳಿಯ ಕಡಲಿನಲ್ಲಿ, ನೇತ್ರಾಣಿ ದ್ವೀಪದ ಸುತ್ತ ಜೀವಂತ ಹವಳಗಳಿವೆ. ಅವು ಪ್ರಾಣಿಗಳು, ಆದರೂ ನೆಲೆ ಬಿಟ್ಟು ಕದಲಲಾರವು. ತಮ್ಮೊಳಗೆ ವಾಸಿಸುವ ಪಾಚಿಗಳು ಬೆಳಕಿನಿಂದ ತಯಾರಿಸುವ ಆಹಾರವಲ್ಲದೆ, ನೀರು ಹೊತ್ತು ತರುವ ಸೂಕ್ಷ್ಮಜೀವಿಗಳನ್ನೂ ಕರಬಳ್ಳಿಗಳಿಂದ ಹಿಡಿದು ತಿನ್ನುತ್ತವೆ.

ಹಾಗಾದರೆ ನೀರಿನ ವೇಗ ಎಷ್ಟಿರಬೇಕು? ಘನವಸ್ತುವಿಗೆ ತಾಗಿದ ನೀರು ಚಲಿಸದು. ಅದರಿಂದ ದೂರ ಸರಿದಂತೆ ವೇಗ ಕ್ರಮೇಣ ಹೆಚ್ಚುತ್ತದೆ. ಈ ನಿಧಾನಗತಿಯ ಪದರವೇ ಸೀಮಾಸ್ತರ. ಹರಿವು ಮಂದವಾದರೆ ಸ್ತರ ದಪ್ಪವಾಗಿ, ಹವಳವನ್ನು ಮುಟ್ಟುವ ಆಹಾರ ವಿರಳವಾಗುತ್ತದೆ. ರಭಸವಾದರೆ ಕರಬಳ್ಳಿಗಳು ಬಾಗಿ, ಹಿಡಿದ ತುತ್ತೂ ಜಾರುತ್ತದೆ.

ಆದುದರಿಂದಲೇ ಗಾಜಿನ ತೊಟ್ಟಿಯಲ್ಲಿ ಹವಳ ಸಾಕುವವರು ಉಣಿಸುವಾಗ ಸೋಸುವ ಪಂಪನ್ನು 10–15 ನಿಮಿಷ ನಿಲ್ಲಿಸಿ, ಒಳಗಿನ ಹರಿವನ್ನು ಮಾತ್ರ ಮೆಲ್ಲಗೆ ನಡೆಸುತ್ತಾರೆ. ಇಲ್ಲವಾದರೆ ಊಟವೆಲ್ಲ ಸೋಸುಕದ ಪಾಲು. ಆದರೆ ಪಂಪನ್ನು ಮತ್ತೆ ನಡೆಸಲು ಮರೆಯಬಾರದು. ಮೇಲ್ಮೈ ಕದಡದಿದ್ದರೆ ಗಾಳಿಯ ಆಮ್ಲಜನಕ ನೀರಿಗೆ ಸಾಕಷ್ಟು ಬೆರೆಯದು. ಇದ್ದುದನ್ನೂ ಕೊಳೆಯುವ ಆಹಾರ ಕಬಳಿಸುತ್ತದೆ. ಆಗ ಮೀನುಗಳು ಉಸಿರುಗಟ್ಟಿ ಸಾಯಬಹುದು.

ಮಳೆಗಾಲದಲ್ಲಿ ಹಳ್ಳದ ನಡುವೆ ಒಂದು, ಅಂಚಿನಲ್ಲಿ ಒಂದು ಒಣ ಎಲೆಯನ್ನು ತೇಲಿಬಿಡಿರಿ. ಅಂಚಿನ ಎಲೆ ಹಿಂದೆ ಬೀಳುವುದು. ಕಡಲ ಹವಳದ ಬಾಳನ್ನು ಆಳುವ ನಿಯಮವೂ ಅದೇ.